ನಿಂತವನು ಒಬ್ಬ, ಓಡಬೇಕಾದವರು ಹದಿನೇಳು ಮಂದಿ

ಆ ಹುಡುಗ ಮಾಡಿದ್ದು ಇಷ್ಟೇ: ಅರ್ಧ ಹೆಜ್ಜೆ ಬಲಕ್ಕೆ ಸರಿದ. ಅಂಪೈರ್ ಸೀಟಿ ಊದಿ, ಚೆಂಡು ಹಿಡಿದಿದ್ದ ಎದುರಾಳಿಯನ್ನು 50 ಮೀಟರ್ ಮುಂದಕ್ಕೆ ಕರೆದೊಯ್ದರು. ಅವನು ಗೋಲಿನ ಎದುರಿಗೇ ಬಂದು ನಿಂತ. ಆರು ಅಂಕ. ಬೇಲಿಯ ಈಚೆ ನಮ್ಮ ಕೋಚ್ ತಲೆಯ ಮೇಲಿದ್ದ ಉಣ್ಣೆಯ ಟೋಪಿಯನ್ನು ತೆಗೆದು ಕೆಸರಿಗೆ ಎಸೆದರು. ನಾನು ನೋಟ್‌ಬುಕ್ಕಿನಲ್ಲಿ ಆ ಗೋಲನ್ನು ಹುಡುಗನ ಖಾತೆಗೆ ಬರೆದುಕೊಂಡೆ. ಅದು ತಪ್ಪು ಲೆಕ್ಕ ಎಂದು ನನಗೆ ತಿಳಿಯಲು ಋತುವಿನ ಐದನೆಯ ವಾರ ಬರಬೇಕಾಯಿತು.

ಇದು ಮೆಲ್ಬರ್ನಿನ ಹೊರವಲಯದ ಒಂದು ಹವ್ಯಾಸಿ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಕ್ಲಬ್ಬಿನ ಒಂದು ಋತುವಿನ ಕಥೆ. ಕ್ಲಬ್ಬಿನ ಹೆಸರು, ಲೀಗಿನ ಹೆಸರು, ಜೆರ್ಸಿಯ ಬಣ್ಣ, ಇಸವಿ ಎಲ್ಲವನ್ನೂ ಬಿಟ್ಟಿದ್ದೇನೆ. ಆಟಗಾರರ ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಆ ಮೈದಾನಕ್ಕೆ ಮೊದಲು ಹೋದದ್ದು ಮಗಳನ್ನು ಆಸ್‌ಕಿಕ್ ಎಂಬ ಮಕ್ಕಳ ಫುಟಿ ತರಬೇತಿಗೆ ಬಿಡಲು. ಚಳಿಯಲ್ಲಿ ಸುಮ್ಮನೆ ನಿಲ್ಲುವವನಿಗೆ ಯಾರಾದರೂ ಒಂದು ಕೆಲಸ ಹಚ್ಚಿಯೇ ಹಚ್ಚುತ್ತಾರೆ. ಮೊದಲ ವರ್ಷ ಅರ್ಧವಿರಾಮಕ್ಕೆ ಕಿತ್ತಳೆ ಹೆಚ್ಚಿದೆ, ಎರಡನೆಯ ವರ್ಷ ನೀರಿನ ಬಾಟಲಿ ಹೊತ್ತೆ. ಮೂರನೆಯ ವರ್ಷ, ಹಾಸನದಲ್ಲಿ ಹುಡುಗನಾಗಿದ್ದಾಗ ಕ್ರಿಕೆಟ್ ಪಂದ್ಯಗಳ ಸ್ಕೋರ್ ಬರೆಯುತ್ತಿದ್ದೆನೆಂದು ಬಾಯಿತಪ್ಪಿ ಹೇಳಿಬಿಟ್ಟೆ. ಹಿರಿಯರ ತಂಡದ ಅಂಕಿಅಂಶದ ಪುಸ್ತಕ ನನ್ನ ಕೈಗೆ ಬಂತು.

ಆಟದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಮೈದಾನ ಮೊಟ್ಟೆಯಾಕಾರದ್ದು, ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, ಆರು ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ ಬಿಹೈಂಡ್, ಒಂದೇ ಅಂಕ. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಕನಿಷ್ಠ 15 ಮೀಟರ್ ಹಾರಿ ಬಂದ ಒದೆತವನ್ನು ನೆಲಕ್ಕೆ ಬೀಳುವ ಮುನ್ನ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಮಾರ್ಕ್ ಎಂದರೆ ಆ ಹಿಡಿತವೂ ಹೌದು, ಹಿಡಿತವಾದ ಜಾಗವೂ ಹೌದು. ಆ ಜಾಗದಲ್ಲಿ ಬಂದು ನಿಲ್ಲುವ ಎದುರಾಳಿಯೇ ಈ ಬರಹದ ನಾಯಕ. ಇನ್ನೊಂದು ಮಾತು, ಬಹುಶಃ ಇದೇ ಎಲ್ಲಕ್ಕಿಂತ ಮುಖ್ಯ: ಈ ಆಟದಲ್ಲಿ ಆಫ್‌ಸೈಡ್ ಇಲ್ಲ. ಯಾರು ಬೇಕಾದರೂ ಎಲ್ಲಿ ಬೇಕಾದರೂ ನಿಲ್ಲಬಹುದು. ಕಳೆದ 30 ವರ್ಷಗಳ ನಿಯಮ ತಿದ್ದುಪಡಿಗಳಲ್ಲಿ ಹಲವು ಈ ಸ್ವಾತಂತ್ರ್ಯದ ಜತೆಗಿನ ಜಗಳವೇ.

ಚಾಪೆ ಮತ್ತು ರಂಗೋಲಿ

ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಎಎಫ್‌ಎಲ್. ಅದರ 2000ದ ಋತುವಿನಲ್ಲಿ ಎಸೆಂಡನ್ ತಂಡ ಚಾಂಪಿಯನ್ ಆಯಿತು. ಇಡೀ ವರ್ಷ ಸೋತದ್ದು ಒಂದೇ ಪಂದ್ಯ. ಸೋಲಿಸಿದ್ದು ಟೆರಿ ವಾಲೇಸ್ ಕೋಚ್ ಆಗಿದ್ದ ವೆಸ್ಟರ್ನ್ ಬುಲ್‌ಡಾಗ್ಸ್. ವಾಲೇಸ್ ತಮ್ಮ ಆಟಗಾರರನ್ನು ರಾಶಿರಾಶಿಯಾಗಿ ತಾವು ಕಾಯುವ ಗೋಲಿನ ಎದುರು ತುಂಬಿಸಿ, ಎಸೆಂಡನ್ನಿನ ಮುಂಪಡೆಗೆ ಉಸಿರಾಡಲು ಜಾಗ ಇಲ್ಲದಂತೆ ಮಾಡಿದ್ದರು. ಈ ತಂತ್ರಕ್ಕೆ ಫ್ಲಡ್, ಅಂದರೆ ನೆರೆ ಎಂಬ ಹೆಸರಿದೆ. ಎಂಟು ವರ್ಷದ ನಂತರ, 2008ರ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ಇನ್ನೊಂದು ಕಿಂಡಿಯನ್ನು ಪತ್ತೆ ಮಾಡಿತು. ಒತ್ತಡ ಬಂದಾಗಲೆಲ್ಲ ಅದರ ರಕ್ಷಕರು ಚೆಂಡನ್ನು ತಾವೇ ತಮ್ಮ ಗೋಲ್ ಗೆರೆಯ ಆಚೆ ದಾಟಿಸಿದರು. ಎದುರಾಳಿಗೆ ಒಂದು ಅಂಕ ಹೋಗುತ್ತದೆ, ಆದರೆ ಮತ್ತೆ ಆಟ ಆರಂಭಿಸುವ ಒದೆತ ತಮಗೇ ಸಿಗುತ್ತದೆ. ಆ ಒಂದು ಪಂದ್ಯದಲ್ಲಿ ಇಂಥ 11 ಬಿಹೈಂಡ್‌ಗಳಾದವು. ಜೀಲಾಂಗ್ ಎದುರು ಹಾಥಾರ್ನ್ 26 ಅಂಕಗಳಿಂದ ಗೆದ್ದಿತು. 2009ಕ್ಕೆ ಹೊಸ ನಿಯಮ ಬಂತು: ಬೇಕೆಂದೇ ಹಾಗೆ ದಾಟಿಸಿದರೆ ಎದುರಾಳಿಗೆ ಫ್ರೀ ಕಿಕ್.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವುದು ಕೋಚ್‌ಗಳ ಕುಲಧರ್ಮ. ಲೀಗ್ ಚಾಪೆ ಎತ್ತಿದಾಗಲೆಲ್ಲ ಅವರು ರಂಗೋಲಿಯನ್ನು ಹುಡುಕಿದ್ದಾರೆ. 2019ರಲ್ಲಿ 6-6-6 ನಿಯಮ ಬಂತು. ನಡುಮೈದಾನದಿಂದ ಆಟ ಆರಂಭವಾಗುವಾಗಲೆಲ್ಲ ಎರಡೂ ತಂಡಗಳು ಹಿಂದೆ ಆರು, ನಡುವೆ ಆರು, ಮುಂದೆ ಆರು ಜನರನ್ನು ನಿಲ್ಲಿಸಿಕೊಳ್ಳಲೇಬೇಕು. ಏಕದಿನ ಕ್ರಿಕೆಟ್ಟಿನಲ್ಲಿ ವೃತ್ತದ ಹೊರಗೆ ಇಷ್ಟೇ ಫೀಲ್ಡರುಗಳು ಎಂದ ಹಾಗೆ. ಮುನ್ನಡೆ ಕಾಯ್ದುಕೊಳ್ಳಲು ಏಳನೆಯವನನ್ನು ಹಿಂದಕ್ಕೆ ಕಳುಹಿಸುವ ಹಳೆಯ ದಾರಿ ಮುಚ್ಚಿತು. 2021ರ ಗ್ರ್ಯಾಂಡ್ ಫೈನಲ್‌ನ ಮೂರನೆಯ ಕ್ವಾರ್ಟರಿನಲ್ಲಿ 19 ಅಂಕ ಮುಂದಿದ್ದ ಬುಲ್‌ಡಾಗ್ಸ್, ಕೊನೆಗೆ ಮೆಲ್ಬರ್ನ್ ಎದುರು 74 ಅಂಕಗಳಿಂದ ಸೋತಿತು. ನಡುಮೈದಾನದಿಂದ ಚೆಂಡು ಮತ್ತೆ ಮತ್ತೆ ನೇರವಾಗಿ ಗೋಲಿನತ್ತ ನುಗ್ಗಿತು. ಅಲ್ಲಿ ಒಬ್ಬ ಹೆಚ್ಚುವರಿ ಕಾವಲುಗಾರನನ್ನು ಮೊದಲೇ ನಿಲ್ಲಿಸಲು ನಿಯಮ ಬಿಡುತ್ತಿರಲಿಲ್ಲ.

ನಮ್ಮನ್ನು ಕಾಡಿದ್ದು 6-6-6 ಅಲ್ಲ, ಅದೇ 2021ರಲ್ಲಿ ಎಎಫ್‌ಎಲ್ ತಂದ ‘ಸ್ಟ್ಯಾಂಡ್’ ನಿಯಮ. ಅದರ ಹಿಂದಿನ ವರ್ಷ ಕೊರೋನಾ ಕಾರಣದಿಂದ ಕ್ವಾರ್ಟರುಗಳನ್ನು 20 ನಿಮಿಷದಿಂದ 16ಕ್ಕೆ ಇಳಿಸಿದ್ದರು. ಮೊದಲೇ ಸೊರಗಿದ್ದ ಸ್ಕೋರುಗಳು ಇನ್ನಷ್ಟು ಬಡವಾದವು. ಆಟ ತೆರೆದುಕೊಳ್ಳಲಿ ಎಂದು ಲೀಗ್ ಅತಿ ಚಿಕ್ಕದೆಂದು ಕಾಣುವ ಜಾಗಕ್ಕೆ ಕೈ ಹಾಕಿತು. ಮಾರ್ಕಿನ ಮೇಲೆ ನಿಂತ ಎದುರಾಳಿಗೆ ಅಂಪೈರ್ ‘ಸ್ಟ್ಯಾಂಡ್’ ಎಂದು ಕೂಗಿದ ಮೇಲೆ, ‘ಪ್ಲೇ ಆನ್’ ಎನ್ನುವವರೆಗೆ ಅವನು ಎಡಕ್ಕಾಗಲಿ ಬಲಕ್ಕಾಗಲಿ ಸರಿಯುವಂತಿಲ್ಲ. ಕೈ ಎತ್ತಬಹುದು, ನಿಂತಲ್ಲೇ ಜಿಗಿಯಬಹುದು. ಸರಿದರೆ 50 ಮೀಟರ್ ದಂಡ.

ನಮ್ಮ ಲೀಗಿಗೆ ಈ ನಿಯಮ ಸ್ವಲ್ಪ ತಡವಾಗಿ ಬಂತು. ಟಿವಿಯಲ್ಲಿ ನೋಡಿ ನಕ್ಕಿದ್ದೆವು; ದೊಡ್ಡವರ ಮನೆಯ ಸಮಸ್ಯೆ ಎಂದುಕೊಂಡಿದ್ದೆವು.

ಗಲ್ಲಿಯಂಥ ಮೈದಾನ

ಫುಟಿ ಮೈದಾನಗಳಿಗೆ ಒಂದೇ ಅಳತೆ ಇಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ಇರಬಹುದೆಂದು ನಿಯಮವೇ ಹೇಳುತ್ತದೆ. ನಮ್ಮದು ಕಿರಿದಾದ ಮೈದಾನ. ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ಯೂಕಲಿಪ್ಟಸ್ ಸಾಲು. ಅಗಲವಾಗಲು ಜಾಗವೇ ಇಲ್ಲ. ಕೋಚ್ ಈ ಗಲ್ಲಿಗೆ ಒಪ್ಪುವಂಥ ಆಟವನ್ನು ಹತ್ತು ವರ್ಷಗಳಿಂದ ಕಟ್ಟಿದ್ದರು.

ಅದರ ಸಾರ ಇಷ್ಟು: ಎದುರಾಳಿಯನ್ನು ಬೌಂಡರಿ ಗೆರೆಯ ಕಡೆಗೆ ದೂಡು, ಅಲ್ಲಿಯೇ ಕೂಡಿಹಾಕು. ಬೌಂಡರಿಯ ಬಳಿ ಎದುರಾಳಿ ಮಾರ್ಕ್ ಹಿಡಿದನೆಂದರೆ ಅವನ ಮುಂದೆ ಎರಡು ದಾರಿ. ಗೆರೆಗುಂಟ ಉದ್ದಕ್ಕೆ ಒದೆಯಬಹುದು, ಇಲ್ಲವೇ 45 ಡಿಗ್ರಿ ಓರೆಯಾಗಿ ಮೈದಾನದ ನಡುವಿನ ಕಾರಿಡಾರಿಗೆ ದಾಟಿಸಬಹುದು. ಉದ್ದದ ಒದೆತ ಬಿದ್ದಲ್ಲಿ ನಮ್ಮ ಎತ್ತರದ ಮೂವರು ಕಾದಿರುತ್ತಿದ್ದರು. ಅವರು ಚೆಂಡನ್ನು ಹಿಡಿಯುತ್ತಿದ್ದರು ಅಥವಾ ಗುದ್ದಿ ಗೆರೆಯಾಚೆ ಕಳುಹಿಸುತ್ತಿದ್ದರು. ಓರೆ ಒದೆತವೇ ಅಪಾಯದ್ದು. ಗೋಲಿಗೆ ಹತ್ತಿರದ ದಾರಿ ಕಾರಿಡಾರ್. ಅಲ್ಲಿ ಒಬ್ಬ ಮಾರ್ಕ್ ಹಿಡಿದರೆ ಅವನಿಗೆ ಮೈದಾನದ ಎರಡೂ ಬದಿ ತೆರೆದುಕೊಳ್ಳುತ್ತದೆ, ಬೌಂಡರಿಯ ಕಡೆ ಗುಂಪುಗೂಡಿದ ರಕ್ಷಕರು ಬೆನ್ನು ತಿರುಗಿಸಿ ಓಡಬೇಕಾಗುತ್ತದೆ. ಆದ್ದರಿಂದ ನಮ್ಮವರು ಮಾರ್ಕಿನ ಮೇಲೆ ನಿಂತ ಕೂಡಲೇ ಏಡಿಯಂತೆ ಒಳಮುಖವಾಗಿ ನಾಲ್ಕೈದು ಹೆಜ್ಜೆ ಸರಿಯುತ್ತಿದ್ದರು. ಆ ನಾಲ್ಕೈದು ಹೆಜ್ಜೆ ಓರೆ ದಾರಿಯನ್ನು ಮುಚ್ಚುತ್ತಿತ್ತು. ಹಿಂದಿನ ಹದಿನೇಳು ಮಂದಿ ಅದನ್ನೇ ನಂಬಿ ಬೌಂಡರಿಯ ಬದಿಗೆ ಸಾಲುಗಟ್ಟುತ್ತಿದ್ದರು.

ಹೊಸ ನಿಯಮ ಕಿತ್ತುಕೊಂಡದ್ದು ಆ ನಾಲ್ಕೈದು ಹೆಜ್ಜೆಯನ್ನೇ.

ವಿಚಿತ್ರವೆಂದರೆ ಮೊದಲ ಎರಡು ಪಂದ್ಯ ನಮ್ಮ ಮೈದಾನದಲ್ಲೇ ಇದ್ದು ಎರಡನ್ನೂ ಗೆದ್ದೆವು. ಗಲ್ಲಿಯಲ್ಲಿ ಓರೆ ಒದೆತಕ್ಕೂ ಜಾಗ ಕಡಿಮೆ. ಕಾರಿಡಾರ್ ನಮ್ಮ ಗುಂಪಿನ ಪಕ್ಕದಲ್ಲೇ ಇರುತ್ತದೆ. ಏನೂ ಬದಲಾಗಿಲ್ಲವೆಂದು ಕೋಚ್ ಘೋಷಿಸಿದರು. ಗಡಿಯಾರ ನೋಡಿಕೊಳ್ಳುವ ನಮ್ಮ ಹಿರಿಯರೊಬ್ಬರು ಮಾತ್ರ, “ಆಟವನ್ನು ಬಾಸ್ಕೆಟ್‌ಬಾಲ್ ಮಾಡಿಬಿಟ್ಟರು” ಎಂದು ಪ್ರತಿ ಶನಿವಾರದಂತೆ ಗೊಣಗಿದರು. ಮೂರನೆಯ ಪಂದ್ಯ ಹೊಸ ಬಡಾವಣೆಯೊಂದರ ವಿಶಾಲ ಮೈದಾನದಲ್ಲಿತ್ತು. ಅಲ್ಲಿ ನಮ್ಮನ್ನು ಹರಿದು ಹಾಕಿದರು. ಮೇಲೆ ಹೇಳಿದ ಅರ್ಧ ಹೆಜ್ಜೆಯ ಘಟನೆ ನಡೆದದ್ದು ಅದೇ ಮಧ್ಯಾಹ್ನ.

ಪ್ರತಿಮೆಗಳ ಮಂಗಳವಾರ

ಮುಂದಿನ ಮಂಗಳವಾರದ ತರಬೇತಿ ಪೂರ್ತಿ ಅಲುಗದೆ ನಿಲ್ಲುವ ಅಭ್ಯಾಸಕ್ಕೆ ಮೀಸಲಾಯಿತು. ಕೋಚ್ ಅಂಪೈರನ ಧ್ವನಿಯಲ್ಲಿ ‘ಸ್ಟ್ಯಾಂಡ್’ ಎಂದು ಕೂಗುವುದು, ಆಟಗಾರ ಕಲ್ಲಾಗುವುದು, ಪಾದ ಅಲುಗಿದರೆ ಮೈದಾನಕ್ಕೆ ಒಂದು ಸುತ್ತು ಓಟ. ದೂರದಿಂದ ನೋಡಿದವರಿಗೆ ನಾವು ಬೇಲೂರಿನ ಶಿಲಾಬಾಲಿಕೆಯರ ತಾಲೀಮು ನಡೆಸುತ್ತಿದ್ದೇವೆ ಎನ್ನಿಸಿರಬೇಕು. ಅರ್ಧ ಹೆಜ್ಜೆ ಸರಿದ ಹುಡುಗನಿಗೆ ಹದಿನೆಂಟು ತುಂಬಿತ್ತಷ್ಟೇ. ಅವತ್ತು ಎಲ್ಲರಿಗಿಂತ ಹೆಚ್ಚು ಸುತ್ತು ಓಡಿದವನು ಅವನೇ. ಅವನು ಎಡಗಾಲಿನಲ್ಲಿ ಒದೆಯುವವನು, ಮಾತು ಕಡಿಮೆ. ಮುಂದಿನ ಶನಿವಾರದ ತಂಡದಲ್ಲಿ ಅವನ ಹೆಸರಿರಲಿಲ್ಲ.

ಪ್ರತಿಮೆಗಳ ಅಭ್ಯಾಸ ಫಲ ಕೊಟ್ಟಿತು. 50 ಮೀಟರ್ ದಂಡಗಳು ಹೆಚ್ಚುಕಡಿಮೆ ನಿಂತೇಹೋದವು. ಸೋಲು ನಿಲ್ಲಲಿಲ್ಲ. ಕೋಚ್ ಇದನ್ನು ಓಟದ ಕೊರತೆ ಎಂದು ಓದಿದರು. ಮುಂದಿನ ಪಂದ್ಯದಲ್ಲಿ ಸಾಲು ಕಟ್ಟುವುದನ್ನು ಬಿಟ್ಟು ಒಬ್ಬರಿಗೊಬ್ಬರನ್ನು ಅಂಟಿಸಿದರು. ನಿನ್ನವನನ್ನು ನೆರಳಿನಂತೆ ಹಿಂಬಾಲಿಸು ಎಂದರು. ಅರ್ಧವಿರಾಮದವರೆಗೆ ಚೆನ್ನಾಗಿಯೇ ನಡೆಯಿತು. ಹಗಲು ಏಣಿ ಹತ್ತಿ ಚಾವಣಿ ಹೊದಿಸುವ, ರಾತ್ರಿ ಪಾಳಿಯಲ್ಲಿ ಲಾರಿ ಓಡಿಸುವ ಜನ ನಾಲ್ಕು ಕ್ವಾರ್ಟರ್ ಪೂರ್ತಿ ಇನ್ನೊಬ್ಬನ ಬೆನ್ನು ಹತ್ತಿ ಓಡಲಾರರು. ಮೂರನೆಯ ಕ್ವಾರ್ಟರಿಗೆ ಕಾಲು ಸೋತವು, ನೆರಳುಗಳು ತಮ್ಮ ತಮ್ಮ ಒಡೆಯರಿಂದ ಹಿಂದುಳಿದವು. ಆ ಪ್ರಯೋಗವನ್ನು ಒಂದೇ ವಾರಕ್ಕೆ ಮಡಚಿಟ್ಟರು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಬೇಕು. ಗೋಲು ಬಿದ್ದಾಗಲೆಲ್ಲ ಅದಕ್ಕೆ ಹತ್ತಿರದ ಕಾರಣವನ್ನೇ ನಾನು ಬರೆಯುತ್ತಿದ್ದೆ: ಇವನು ಹಿಂದುಳಿದ, ಅವನು ಜಾರಿದ, ಈ ಹುಡುಗ ಸರಿದ. ಕ್ರಿಕೆಟ್ ಸ್ಕೋರ್ ಪುಸ್ತಕದ ಅಭ್ಯಾಸ ಅದು. ವಿಕೆಟ್ ಬಿದ್ದರೆ ಬೌಲರನ ಹೆಸರು, ಕ್ಯಾಚ್ ಹಿಡಿದವನ ಹೆಸರು, ಮುಗಿಯಿತು. ಕೋಚ್ ಪ್ರತಿ ಭಾನುವಾರ ನನ್ನ ಪುಟ ನೋಡಿ ತಪ್ಪಿತಸ್ಥರನ್ನು ಆರಿಸುತ್ತಿದ್ದರು. ಅವರ ಕೈಗೆ ತಪ್ಪು ಕನ್ನಡಕ ಕೊಟ್ಟವನು ನಾನು.

ಆಟಗಾರನೊಬ್ಬನ ತಾಯಿ ಕ್ಲಬ್ ಮನೆಯ ಮಾಳಿಗೆಯಿಂದ ಮೊಬೈಲಿನಲ್ಲಿ ಪಂದ್ಯಗಳನ್ನು ಚಿತ್ರೀಕರಿಸುತ್ತಿದ್ದರು, ಹೊರಗಿನ ಮೈದಾನಗಳಲ್ಲಿ ಕಾರಿನ ಹಿಂಬಾಗಿಲ ಮೇಲೆ ಹತ್ತಿ. ಐದನೆಯ ವಾರ, ಒಂದು ರಾತ್ರಿ, ಅವರ ವಿಡಿಯೊಗಳನ್ನು ಹಿಂದಕ್ಕೆ ಓಡಿಸಿ ನೋಡಿದೆ. ಈ ಸಲ ಪ್ರತಿ ಗೋಲಿನಿಂದ ಮೂರು ಒದೆತ ಹಿಂದಕ್ಕೆ ಹೋಗಿ ನಿಲ್ಲಿಸಿದೆ. ಹೆಚ್ಚಿನ ಗೋಲುಗಳ ಬೇರು ಒಂದೇ ಜಾಗದಲ್ಲಿತ್ತು: ಬೌಂಡರಿಯ ಬಳಿ ಎದುರಾಳಿಯ ಮಾರ್ಕ್, ನಮ್ಮವನು ಅದರ ಮೇಲೆ ನಿಯಮದ ಪ್ರಕಾರ ಕಲ್ಲಿನಂತೆ ನಿಂತಿದ್ದಾನೆ, ಅವನ ಪಕ್ಕದಿಂದ ಓರೆಯಾಗಿ ಚೆಂಡು ಕಾರಿಡಾರಿಗೆ ಹೋಗುತ್ತಿದೆ. ಅಲ್ಲಿ ನಮ್ಮ ಪೈಕಿ ಯಾರೂ ಇಲ್ಲ. ಉಳಿದವರೆಲ್ಲ ಹಳೆಯ ನಂಬಿಕೆಯಲ್ಲಿ ಬೌಂಡರಿಯ ಬದಿಗೆ ಸಾಲು ನಿಂತಿದ್ದಾರೆ, ಮುಂದೆ ನಿಂತವನು ಇನ್ನೂ ಏಡಿಯಂತೆ ಸರಿಯಬಲ್ಲ ಎನ್ನುವ ಹಾಗೆ.

ನಿಯಮ ಒಬ್ಬನಿಗೆ ನಿಲ್ಲು ಎಂದಿತ್ತು. ನಾವು ಆ ಒಬ್ಬನಿಗೆ ತರಬೇತಿ ಕೊಟ್ಟಿದ್ದೆವು. ಅವನು ಬಿಟ್ಟ ಕೆಲಸವನ್ನು ಹಂಚಿಕೊಳ್ಳಬೇಕಿದ್ದ ಹದಿನೇಳು ಮಂದಿಗೆ ಏನನ್ನೂ ಹೇಳಿರಲಿಲ್ಲ.

ಬೆನ್ನ ಹಿಂದಿನ ಕಣ್ಣು

ಈ ತುಣುಕುಗಳನ್ನು ಕ್ಲಬ್ ಮನೆಯ ಟಿವಿಯಲ್ಲಿ ತೋರಿಸಿದ ಸಂಜೆ ಜೋರು ಮಳೆ. ಕೋಚ್ ಮೊದಲು ಒಪ್ಪಲಿಲ್ಲ. ಹತ್ತು ವರ್ಷದ ಕಟ್ಟನ್ನು ಲೆಕ್ಕ ಬರೆಯುವವನು ಬಂದು ಅಲ್ಲಾಡಿಸಿದರೆ ಯಾರಿಗಾದರೂ ಸಿಟ್ಟು ಬಂದೀತು. ಮೌನ ಮುರಿದವನು ತಂಡದ ನಾಯಕ. ಅವನು ಫುಲ್ ಬ್ಯಾಕ್, ಅಂದರೆ ಗೋಲಿಗೆ ಅಂಟಿಕೊಂಡೇ ಆಡುವವನು, ವೃತ್ತಿಯಿಂದ ಎಲೆಕ್ಟ್ರಿಷಿಯನ್. “ಮಾರ್ಕಿನ ಮೇಲೆ ನಿಂತವನ ಬೆನ್ನು ನಮ್ಮ ಕಡೆಗಿದೆ. ಅವನಿಗೆ ಒದೆಯುವವನು ಮಾತ್ರ ಕಾಣುತ್ತಾನೆ. ಎಲ್ಲಿ ಖಾಲಿ ಇದೆ ಎಂದು ಕಾಣುವುದು ನನಗೆ. ಆದರೆ ತೀರ್ಮಾನ ಮಾಡುತ್ತಿರುವವನು ಅವನು,” ಎಂದ.

ಈ ಪ್ರಕರಣದ ತಿರುವು ಈ ಮಾತು. ತಂತ್ರ ಏನಿರಬೇಕು ಎಂಬ ಚರ್ಚೆ ಅಲ್ಲಿಗೆ ನಿಂತು, ತೀರ್ಮಾನ ಯಾರದು ಎಂಬ ಚರ್ಚೆ ಶುರುವಾಯಿತು.

ನಿಯಮದಲ್ಲಿಯೇ ಒಂದು ಬಾಗಿಲು ಇತ್ತು. ಎಎಫ್‌ಎಲ್ ತಂಡಗಳು ಅದನ್ನು ಬೇಗ ಕಂಡುಕೊಂಡಿದ್ದವು. ಆಗ ಮಾರ್ಕಿನ ಮೇಲೆಯೇ ನಿಲ್ಲಬೇಕೆಂದು ಕಡ್ಡಾಯವಿರಲಿಲ್ಲ. ಹತ್ತಿರದ ರಕ್ಷಕ ಮಾರ್ಕಿನಿಂದ ಐದು ಮೀಟರಿಗಿಂತ ಹಿಂದಕ್ಕೆ ಸರಿದುಕೊಂಡರೆ ಅವನಿಗೆ ‘ಸ್ಟ್ಯಾಂಡ್’ ಅನ್ವಯಿಸುತ್ತಿರಲಿಲ್ಲ, ಬೇಕಾದ ಕಡೆ ಓಡಬಹುದಿತ್ತು. ಆದರೆ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸಿಕೊಳ್ಳಬೇಕಿತ್ತು. ‘ಸ್ಟ್ಯಾಂಡ್’ ಎಂಬ ಕೂಗು ಬಿದ್ದ ಮೇಲೆ ಅವನು ಅಲ್ಲೇ ಬಂದಿ. ಮಾರ್ಕ್ ಆದ ಮೇಲೆ ಯೋಚಿಸಿದರೆ ತಡ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ, ಎದುರಾಳಿ ಅದನ್ನು ಹಿಡಿಯುತ್ತಾನೆ ಎಂದು ಖಾತ್ರಿಯಾದ ಕ್ಷಣವೇ, ನಿರ್ಧಾರ ಆಗಿರಬೇಕು. ಆ ಕ್ಷಣದಲ್ಲಿ ಚೆಂಡಿನ ಹತ್ತಿರ ಇರುವವನು ಚೆಂಡನ್ನಲ್ಲದೆ ಬೇರೆ ಏನನ್ನೂ ನೋಡುತ್ತಿರುವುದಿಲ್ಲ. ಹಾಗಾಗಿ ಕೂಗು ಹಿಂದಿನಿಂದ ಬರಬೇಕು.

ಎರಡೇ ಪದ ಗೊತ್ತು ಮಾಡಿಕೊಂಡರು. ‘ಹೋಲ್ಡ್’ ಎಂದರೆ ಮಾರ್ಕಿನ ಮೇಲೆ ನಿಲ್ಲು. ‘ಡ್ರಾಪ್’ ಎಂದರೆ ಐದು ಮೀಟರ್ ಹಿಂದೆ ಬಾ, ಕಾರಿಡಾರಿನ ಬಾಯಿ ಮುಚ್ಚು. ಕೂಗುವವರು ಮೂವರು: ಹಿಂದೆ ನಾಯಕ, ನಡುವೆ ರಕ್‌ಮನ್, ಅಂದರೆ ಅಂಪೈರ್ ಮೇಲಕ್ಕೆ ಹಾರಿಸಿದ ಚೆಂಡಿಗೆ ಜಿಗಿಯುವ ಎತ್ತರದವನು, ಮುಂದೆ ಮುಂಪಡೆಯ ನಡುವೆ ಆಡುವ ಸೆಂಟರ್ ಹಾಫ್ ಫಾರ್ವರ್ಡ್. ಎದುರಾಳಿಯ ಮಾರ್ಕ್ ನಮ್ಮ ಗೋಲಿನಿಂದ 50 ಮೀಟರ್ ದೂರದಲ್ಲಿ ಎಳೆದ ಕಮಾನಿನ ಒಳಗಾದರೆ ಕೂಗೇ ಬೇಡ, ಯಾವಾಗಲೂ ನಿಲ್ಲಲೇಬೇಕು. ಗೋಲಿಗೆ ಒದೆಯುವವನ ಎದುರು ಎತ್ತಿದ ಕೈಗಳಿಗೆ ಬೆಲೆ ಇದೆ. ಗಲ್ಲಿ ಮೈದಾನದಲ್ಲಿ ಸಾಮಾನ್ಯವಾಗಿ ‘ಹೋಲ್ಡ್’, ವಿಶಾಲ ಮೈದಾನದಲ್ಲಿ ಸಾಮಾನ್ಯವಾಗಿ ‘ಡ್ರಾಪ್’. ಉಳಿದವರಿಗೆ ಒಂದೇ ಪಾಠ: ‘ಹೋಲ್ಡ್’ ಕೇಳಿದರೆ ಗುಂಪು ಹತ್ತು ಹೆಜ್ಜೆ ಒಳಕ್ಕೆ ಸರಿಯಬೇಕು, ಏಕೆಂದರೆ ಈಗ ಓರೆ ದಾರಿಯನ್ನು ಕಾಯುವ ಕೆಲಸ ನಿಮ್ಮದು.

ಈ ಕೊನೆಯ ವಾಕ್ಯವನ್ನು ಕಲಿಸುವುದಕ್ಕೇ ಮೂರು ವಾರ ಹಿಡಿಯಿತು. ಬೌಂಡರಿಯ ಬದಿಯನ್ನು ಬಿಟ್ಟುಬರುವುದೆಂದರೆ ನಮ್ಮವರಿಗೆ ಮನೆಯ ಮುಂಬಾಗಿಲು ತೆರೆದಿಟ್ಟು ಸಂತೆಗೆ ಹೋದ ಹಾಗೆ. ಕಾಲು ಹೋದರೂ ಕತ್ತು ಹಿಂದಕ್ಕೇ ತಿರುಗುತ್ತಿತ್ತು.

ಆದದ್ದು

ಮೊದಲ ಪ್ರಯೋಗ ನಗೆಪಾಟಲಾಯಿತು. ಬೌಂಡರಿಯ ಬಳಿ ಎದುರಾಳಿಯ ಮಾರ್ಕ್. ನಮ್ಮ ಇಬ್ಬರು ಹತ್ತಿರ ಇದ್ದರು. ಹಿಂದಿನಿಂದ ‘ಡ್ರಾಪ್’ ಎಂಬ ಕೂಗು. ಇಬ್ಬರೂ ತಮಗೇ ಎಂದುಕೊಂಡು ಹಿಂದೆ ಸರಿದರು. ಖಾಲಿ ಮಾರ್ಕನ್ನು ನೋಡಿದ ಎದುರಾಳಿ ಒದೆಯುವ ಗೋಜಿಗೇ ಹೋಗದೆ ಓಡಿದ. ಈ ಆಟದಲ್ಲಿ ಪ್ರತಿ 15 ಮೀಟರಿಗೊಮ್ಮೆ ಚೆಂಡನ್ನು ನೆಲಕ್ಕೆ ಬಡಿದು ಪುಟಿಸಬೇಕು. ಅವನು ಎರಡು ಸಲ ಆರಾಮವಾಗಿ ಪುಟಿಸಿಕೊಂಡು, ದಾರಿಯಲ್ಲಿ ಯಾರೂ ಸಿಗದೆ, ಗೋಲು ಹೊಡೆದು ನಮ್ಮ ಬೆಂಚಿನ ಕಡೆ ಕೈ ಬೀಸಿದ. ಮರುವಾರದಿಂದ ಕೂಗಿಗೆ ಆಟಗಾರನ ಹೆಸರೂ ಸೇರಿತು.

ಮಾರ್ಕನ್ನು ಬಿಟ್ಟುಕೊಟ್ಟರೆ ಈ ಬೆಲೆ ಯಾವಾಗಲೂ ಇದೆ. ಒದೆಯುವವನಿಗೆ ಎದುರು ಯಾರೂ ಇಲ್ಲದಿದ್ದರೆ ಅವನು ಹೆಜ್ಜೆ ಮುಂದಿಡುತ್ತಾನೆ, ನಿಂತು ಒದೆಯುವುದಕ್ಕಿಂತ ದೂರ ಒದೆಯುತ್ತಾನೆ. ಟಿವಿಯಲ್ಲಿ ವೃತ್ತಿಪರ ತಂಡಗಳು ಇದನ್ನು ಮಾಡುವಾಗ ಸಲೀಸಾಗಿ ಕಾಣುತ್ತಿತ್ತು. ಓಡತೊಡಗಿದವನ ಮೇಲೆ ತಕ್ಷಣ ಬೀಳಲು ಅವರಲ್ಲಿ ಎರಡನೆಯ ಸಾಲು ಸಿದ್ಧವಿರುತ್ತಿತ್ತು. ಹವ್ಯಾಸಿ ತಂಡ ಮೊದಲ ಅರ್ಧವನ್ನು ಮಾತ್ರ ನಕಲು ಮಾಡಿದರೆ ನಮಗಾದದ್ದೇ ಆಗುತ್ತದೆ.

ಇನ್ನೊಂದು ಬದಲಾವಣೆ ಯಾರ ಯೋಜನೆಯಲ್ಲೂ ಇರಲಿಲ್ಲ. ಆ ತನಕ ನಿಯಮವನ್ನು ನಮ್ಮ ಮೇಲೆ ಬಿದ್ದ ಕಂದಾಯದಂತೆ ನೋಡಿದ್ದೆವು. ಅದು ಎದುರಾಳಿಗಳನ್ನೂ ನಿಲ್ಲಿಸುತ್ತದೆ, ನಮಗೂ ಓರೆ ದಾರಿ ತೆರೆದಿದೆ ಎಂಬುದು ಅರ್ಧ ಋತುವಿನವರೆಗೆ ಯಾರಿಗೂ ಹೊಳೆದಿರಲಿಲ್ಲ. ನಮ್ಮ ರಕ್ಷಕರು ಚೆಂಡು ಹಿಡಿದರೆ ಹಳೆಯ ಅಭ್ಯಾಸದಂತೆ ಗೆರೆಗುಂಟ ಉದ್ದಕ್ಕೆ ಒದೆಯುತ್ತಲೇ ಇದ್ದರು. ಗಾಯಾಳುಗಳು ಹೆಚ್ಚಿ ಆ ಹದಿನೆಂಟರ ಹುಡುಗನನ್ನು ಮತ್ತೆ ಕರೆಯಬೇಕಾಯಿತು. ಕೋಚ್ ಅವನ ಕ್ಷಮೆ ಕೇಳಲಿಲ್ಲ. ಅದು ಅವರ ಸ್ವಭಾವವಲ್ಲ. ತಂಡದ ಬೋರ್ಡಿನ ಮೇಲೆ ಹಾಫ್ ಬ್ಯಾಕ್, ಅಂದರೆ ರಕ್ಷಣೆಯ ಮುಂದಿನ ಸಾಲಿನ ಜಾಗಕ್ಕೆ ಅವನ ಹೆಸರಿನ ಮ್ಯಾಗ್ನೆಟ್ ಬಿಲ್ಲೆಯನ್ನು ಅಂಟಿಸಿ, “ನಿನ್ನ ಎಡಗಾಲು ಒಳಕ್ಕೆ ಒದೆಯಬಲ್ಲದು, ಒದೆ,” ಎಂದರು. ಮೈದಾನದ ಬಲ ಅಂಚಿನಿಂದ ಒಳಕ್ಕೆ ಒದೆಯಲು ಎಡಗಾಲಿನವನಿಗೆ ಕೋನ ತಾನಾಗಿಯೇ ಸಿಗುತ್ತದೆ. ಎದುರು ನಿಂತವನು ಅಲುಗುವಂತಿಲ್ಲ. ಹುಡುಗ ಮಾರ್ಕ್ ಹಿಡಿದು ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ಎತ್ತಿ, ಚೆಂಡನ್ನು ಸೂಜಿಗೆ ದಾರ ಪೋಣಿಸಿದಂತೆ ಕಾರಿಡಾರಿಗೆ ಕಳುಹಿಸುವುದನ್ನು ನೋಡಿದಾಗ ನನಗೆ ನನ್ನ ನೋಟ್‌ಬುಕ್ಕಿನ ಹಳೆಯ ಪುಟ ನೆನಪಾಗಿ ನಾಚಿಕೆಯಾಯಿತು. ಅವನ ಖಾತೆಗೆ ಬರೆದ ಆ ಗೋಲಿನ ಬೇರೂ ಮೂರು ಒದೆತ ಹಿಂದೆ, ಯಾರೂ ಕಾಯದ ಕಾರಿಡಾರಿನಲ್ಲಿತ್ತು. ಅವನು ಸರಿದದ್ದು ಆ ಖಾಲಿ ಜಾಗವನ್ನು ಕಂಡು.

ವಿಶಾಲ ಮೈದಾನದ ತಂಡದೊಂದಿಗೆ ಎರಡನೆಯ ಪಂದ್ಯವೂ ಅವರಲ್ಲೇ ನಡೆಯಿತು. ನಮ್ಮ ಮೈದಾನ ಅವತ್ತು ನೀರು ನಿಂತು ಮುಚ್ಚಿತ್ತು. ಒಂದು ಗೋಲಿಗಿಂತ ಕಡಿಮೆ ಅಂತರದಲ್ಲಿ ಸೋತೆವು. ಸೋಲು ಸೋಲೇ, ಆದರೆ ಕಾರಿಡಾರಿನಿಂದ ಹುಟ್ಟಿದ ಗೋಲುಗಳು ಬೆರಳೆಣಿಕೆಗೂ ಕಡಿಮೆ. ಆಗಸ್ಟ್‌ನ ಒಂದು ಕೆಸರಿನ ಶನಿವಾರ ನಮ್ಮ ಹೊಸ ಜಾಣತನವೆಲ್ಲ ಮಣ್ಣುಪಾಲಾಯಿತು. ಒದ್ದೆ ಚೆಂಡನ್ನು ಓರೆಯಾಗಿ ಒದೆಯಲು ಹೋಗಿ ಹುಡುಗ ಎರಡು ಸಲ ಎದುರಾಳಿಯ ಕೈಗೇ ಕೊಟ್ಟ. ಆ ದಿನ ಗೆಲ್ಲಿಸಬಹುದಾಗಿದ್ದದ್ದು ಕೋಚ್‌ನ ಹಳೆಯ ಬೌಂಡರಿ ಆಟವೇ. ನಾವು ಹೊಸದನ್ನು ಬಿಡಲೊಲ್ಲದೆ ಕಳೆದುಕೊಂಡೆವು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೋಚ್‌ಗೆ ಆಗಲೇ ಅನ್ನಿಸಿತ್ತು, ಆದರೆ ಅವರು ಬಾಯಿ ಬಿಡಲಿಲ್ಲ. ಐದು ವಾರದ ಮೊಂಡುತನಕ್ಕೆ ಅದು ಅವರು ತಮಗೆ ತಾವೇ ವಿಧಿಸಿಕೊಂಡ ದಂಡವೋ ಏನೋ. ಫೈನಲ್ಸ್ ಸುತ್ತಿಗೆ ಸ್ವಲ್ಪದರಲ್ಲಿ ತಪ್ಪಿದೆವು. ಮೊದಲ ಐದು ವಾರಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಕೂಡಿಸಿಕೊಳ್ಳಲು ಆಗಲಿಲ್ಲ.

ಬೇರೆ ಕ್ಲಬ್ಬಿನವರು ಈ ಕಥೆ ಕೇಳಿದರೆ ನಾನು ಹೇಳುವುದು ಕೂಗಿನ ಪದಗಳನ್ನಲ್ಲ. ಅವು ಅವರವರ ಮೈದಾನಕ್ಕೆ ತಕ್ಕಂತೆ ಬದಲಾಗುತ್ತವೆ. ಹೊಸ ನಿಯಮ ಬಂದಾಗ ಅದು ಹೆಸರಿಸಿದ ಆಟಗಾರನನ್ನು ಒಂದು ಕ್ಷಣ ಮರೆತು, ಅವನು ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಯಾವುದು, ನಾಳೆಯಿಂದ ಅದನ್ನು ಯಾರು ಮಾಡುತ್ತಾರೆ ಎಂದು ಕೇಳಿ ಎನ್ನುತ್ತೇನೆ. ಮನೆಯಂಗಳದಲ್ಲಿ ಗೆದ್ದ ಪಂದ್ಯಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ ಎಂದೂ ಹೇಳುತ್ತೇನೆ. ಲೆಕ್ಕ ಬರೆಯುವವರು ಗೋಲಿನಿಂದ ಮೂರು ಒದೆತ ಹಿಂದಕ್ಕೆ ಹೋಗಿ ಬರೆದರೆ ಇನ್ನೂ ಒಳ್ಳೆಯದು.

ಮೊನ್ನೆ ಬೇಸಿಗೆಯ ತರಬೇತಿಗೆ ಮುನ್ನ ಕ್ಲಬ್ ಮನೆಗೆ ಹೋಗಿದ್ದೆ. 2026ರಿಂದ ಎಎಫ್‌ಎಲ್ ಇನ್ನೊಂದು ನಿಯಮ ತರುತ್ತಿರುವುದು ಎಲ್ಲರ ಬಾಯಲ್ಲಿತ್ತು. ಎರಡು 50 ಮೀಟರ್ ಕಮಾನುಗಳ ನಡುವೆ ಒದೆತದಿಂದಲೋ ಹ್ಯಾಂಡ್‌ಬಾಲ್‌ನಿಂದಲೋ ಚೆಂಡು ಬೌಂಡರಿ ದಾಟಿದರೆ, ಕೊನೆಯದಾಗಿ ಹಾಗೆ ಕಳುಹಿಸಿದ ತಂಡದ ಎದುರಾಳಿಗೆ ಫ್ರೀ ಕಿಕ್. ದಕ್ಷಿಣ ಆಸ್ಟ್ರೇಲಿಯಾದ ಲೀಗಿನಲ್ಲಿ ಇಂಥದ್ದು 2016ರಿಂದಲೇ ಇದೆ, ಮಹಿಳೆಯರ ಎಎಫ್‌ಎಲ್‌ನಲ್ಲೂ ಇದೆ. ನಮ್ಮ ಲೀಗಿಗೂ ಬಂದರೆ, ಚೆಂಡನ್ನು ಗೆರೆಗುಂಟ ಉದ್ದಕ್ಕೆ ಒದ್ದು, ದಾಟಿದರೆ ದಾಟಲಿ ಎನ್ನುವ ಆಟಕ್ಕೆ ಜಾಗವಿರುವುದಿಲ್ಲ. ಕೋಚ್ ಒಬ್ಬರೇ ಬೋರ್ಡಿನ ಎದುರು ಕುಳಿತಿದ್ದರು. ಬಿಲ್ಲೆಗಳು ಹಳೆಯ ರೂಢಿಯಂತೆ ಬೌಂಡರಿಯ ಬದಿಗೆ ಒತ್ತಾಗಿ ನಿಂತಿದ್ದವು. ನನ್ನನ್ನು ಕಂಡು ಪಕ್ಕದ ಕುರ್ಚಿಯನ್ನು ಕಾಲಿನಿಂದ ಮುಂದೆ ತಳ್ಳಿದರು. “ಕುಳಿತುಕೋ. ಈ ಸಲ ಯಾರ ಕೆಲಸ ಹೋಗುತ್ತದೆ, ಮೊದಲು ಅದನ್ನು ಹೇಳು,” ಎಂದರು.